ಐವತ್ತು ನಿಮಿಷದ 'ಆಪ್ತ': ಬೆಂಗಳೂರಿನ ಕೌನ್ಸೆಲಿಂಗ್ ಸೇವೆಯನ್ನು ತೂಗಿ ನೋಡಿದಾಗ

ಬೆಂಗಳೂರಿನಲ್ಲಿ ಕೌನ್ಸೆಲಿಂಗ್ ಈಗ ಹಲ್ಲಿನ ಕ್ಲಿನಿಕ್ಕಿನಷ್ಟೇ ಸಲೀಸಾಗಿ ಸಿಗುತ್ತದೆ. ಜಯನಗರದ ಹಳೇ ಮನೆಯ ಮೊದಲ ಮಹಡಿ, ಇಂದಿರಾನಗರದಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಹಿಡಿದ ಕೋಣೆ, ಕಂಪನಿಯವರೇ ದುಡ್ಡು ಕಟ್ಟುವ ಸಹಾಯವಾಣಿ, ಫೋನಿನೊಳಗಿನ ಆ್ಯಪ್, ಹೊಸೂರು ರಸ್ತೆಯ ನಿಮ್ಹಾನ್ಸ್. ಎಲ್ಲ ಕಡೆ ಸಿಗುವುದು ಹೆಸರಿಗೆ ಒಂದೇ ಸರಕು: ನಲವತ್ತೈದೋ ಐವತ್ತೋ ನಿಮಿಷದ ಮಾತು. ಖಾಸಗಿಯಲ್ಲಿ ಒಂದು ಸೆಷನ್‌ಗೆ ಸಾಮಾನ್ಯವಾಗಿ ಸಾವಿರದಿಂದ ಮೂರು ಸಾವಿರ ರೂಪಾಯಿ. ಜನ ಬರೆಯುವ ವಿಮರ್ಶೆಗಳು ಪಾರ್ಕಿಂಗ್ ಇತ್ತೋ ಇಲ್ಲವೋ, ರಿಸೆಪ್ಷನ್‌ನವರು ಫೋನ್ ಎತ್ತಿದರೋ ಇಲ್ಲವೋ, 'ಮೇಡಂ ತುಂಬಾ ಪೊಲೈಟ್' ಇಷ್ಟರಲ್ಲೇ ಮುಗಿದುಹೋಗುತ್ತವೆ. ಅಸಲು ಸರಕನ್ನು ತಕ್ಕಡಿಗೆ ಹಾಕುವವರು ಕಡಿಮೆ. ಎದುರು ಕುರ್ಚಿಯಲ್ಲಿ ಕೂತವರ ಸ್ವಭಾವ, ಅವರು ನಂಬಿಕೊಂಡು ಬಂದದ್ದು, ಅವರ ಮೇಲೆ ಹಾದುಹೋದ ಬದುಕು, ಇವೇ ಇಲ್ಲಿನ ಸರಕು. ಡಿಗ್ರಿ ಅದಕ್ಕೆ ಹಾಕಿದ ಪೊಟ್ಟಣ. ಪೊಟ್ಟಣವೂ ಮುಖ್ಯವೇ, ಅದರ ಮಾತು ಆಮೇಲೆ.

ಕೌನ್ಸೆಲಿಂಗ್‌ಗೆ ಕನ್ನಡದಲ್ಲಿ ನಾವಿಟ್ಟ ಹೆಸರು ಆಪ್ತಸಮಾಲೋಚನೆ. ಇಂಗ್ಲಿಷ್ ಪದದಲ್ಲಿ 'ಆಪ್ತ' ಎಲ್ಲೂ ಇಲ್ಲ, ನಾವು ಸೇರಿಸಿದ್ದು. ಸುಮ್ಮನೆ ಸೇರಿಸಿದ್ದೂ ಅಲ್ಲ. ಮುಂದೆ ನಿಮ್ಹಾನ್ಸ್ ಆದ ಬೆಂಗಳೂರಿನ ಸಂಸ್ಥೆಯಲ್ಲಿ ಕೆಲಸ ಮಾಡಿದ ಮನೋವೈದ್ಯ ಎನ್. ಸಿ. ಸೂರ್ಯ, ಎಸ್. ಎಸ್. ಜಯರಾಮ್ ಅವರೊಡನೆ 1964ರಲ್ಲೇ ಇದನ್ನು ಬರೆದಿಟ್ಟಿದ್ದಾರೆ: ನಮ್ಮಲ್ಲಿ ಚಿಕಿತ್ಸೆಗೆ ಬರುವವರು ಒಳಮನಸ್ಸಿನ ವ್ಯಾಖ್ಯಾನಕ್ಕಿಂತ ಕಣ್ಣಿಗೆ ಕಾಣುವ ಆಸರೆಯನ್ನು ಬೇಗ ಒಪ್ಪುತ್ತಾರೆ, ಥೆರಪಿಸ್ಟರನ್ನು ನೇರವಾಗಿ ಒಂದು ಸಂಬಂಧದೊಳಕ್ಕೆ ಎಳೆದುಕೊಳ್ಳುತ್ತಾರೆ, ಅವರ ಮನಸ್ಸಿನಲ್ಲಿರುವ ಮಾದರಿ ಕೂಡುಕುಟುಂಬದ ಹಿರಿಯರದು. 1973ರಲ್ಲಿ ಮನೋವೈದ್ಯ ಜೆ. ಎಸ್. ನೇಕಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಮುಂದಿಟ್ಟರು. ಆದರೆ ಕೌನ್ಸೆಲಿಂಗ್ ಕೋರ್ಸಿನ ಮೊದಲ ಸೆಮಿಸ್ಟರ್‌ನಲ್ಲಿ ಉರುಹೊಡೆಯುವುದು ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1957ರಲ್ಲಿ ಹೇಳಿದ್ದನ್ನು: ತೀರ್ಪು ಕೊಡದೆ ಒಪ್ಪಿಕೊಳ್ಳಿ, ಅವರ ಕಣ್ಣಿನಿಂದ ನೋಡಿ, ಒಳಗೊಂದು ಹೊರಗೊಂದು ಇಟ್ಟುಕೊಳ್ಳಬೇಡಿ. ಬಂದವರಿಗೆ ಹಿರಿಯರು ಬೇಕು, ಪಾಠ ಹೇಳಿದ್ದು ಹಿರಿತನ ಬೇಡವೆಂದು. ಈ ಊರಿನ ಥೆರಪಿಸ್ಟರೆಲ್ಲ ಈ ಎರಡರ ನಡುವೆ ಎಲ್ಲೋ ಒಂದು ಕಡೆ ಕುರ್ಚಿ ಹಾಕಿಕೊಂಡಿರುತ್ತಾರೆ. ಎಲ್ಲಿ ಹಾಕಿಕೊಂಡಿದ್ದಾರೆ ಎಂಬುದು ಅವರ ವೆಬ್‌ಸೈಟಿನಲ್ಲಿ ಇರುವುದಿಲ್ಲ.

ಅದು ಮೊದಲು ಕಾಣಿಸುವುದು 'ನೀವು' ಹೋಗಿ 'ನೀನು' ಆಗುವಲ್ಲಿ. 'ಹೇಳಿ, ಏನು ವಿಷಯ?' ಎಂದು ಶುರುವಾದ ಸೆಷನ್ ಇಪ್ಪತ್ತನೇ ನಿಮಿಷಕ್ಕೆ 'ನೋಡಮ್ಮಾ, ನೀನು ಹಾಗೆಲ್ಲ ಯೋಚನೆ ಮಾಡಬಾರದು' ಎಂಬಲ್ಲಿಗೆ ಬಂದಿರುತ್ತದೆ. ಹಾಸನದಿಂದ ಬಂದು ಪಿಜಿಯಲ್ಲಿರುವ ಹತ್ತೊಂಬತ್ತರ ಹುಡುಗಿಗೆ ಏಕವಚನ ಹಿತವಾಗಿಯೇ ಕೇಳಿಸಬಹುದು. 'ನೀನು ಅನ್ನಲಾ, ನೀವು ಅನ್ನಲಾ?' ಎಂದು ಕೇಳಿ ಬದಲಿಸಿದರೆ ತಕರಾರಿಲ್ಲ. ಕೇಳದೆ ಬದಲಾದರೆ ಪಾತ್ರವೂ ಬದಲಾಯಿತೆಂದೇ ಲೆಕ್ಕ, ಅಲ್ಲಿಂದಾಚೆ ಬುದ್ಧಿವಾದ. ತೊಂದರೆ ಇರುವುದು ಬುದ್ಧಿವಾದ ತಪ್ಪಾಗಿರುತ್ತದೆ ಎಂದಲ್ಲ. ಹಿರಿಯರ ಮಾತಿಗೆ ಎದುರಾಡುವ ರೂಢಿ ನಮ್ಮಲ್ಲಿಲ್ಲ. 'ಸರಿ ಮೇಡಂ' ಎಂದು ತಲೆಯಾಡಿಸಿ ಹೋದವರು ಮುಂದಿನ ವಾರ 'ಆಫೀಸಲ್ಲಿ ಕೆಲಸ ಜಾಸ್ತಿ' ಎಂದು ಮೆಸೇಜ್ ಹಾಕುತ್ತಾರೆ, ಅದರ ಮುಂದಿನ ವಾರ ಅದೂ ಇಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಡುವವರ ಬಗ್ಗೆ 669 ಅಧ್ಯಯನಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯ ಪ್ರಕಾರ ಸುಮಾರು ಐವರಲ್ಲಿ ಒಬ್ಬರು ಹೀಗೆ ಹೋಗುತ್ತಾರೆ. ಹೋದವರು ಕಾರಣ ಹೇಳುವುದಿಲ್ಲವಾದ್ದರಿಂದ ಥೆರಪಿಸ್ಟರ ಮಟ್ಟಿಗೆ ಅದು 'ಕ್ಲೈಂಟ್‌ಗೆ ಮೋಟಿವೇಷನ್ ಸಾಲದು' ಎಂದು ದಾಖಲಾಗುತ್ತದೆ.

ಎರಡನೆಯ ಗುರುತು 'ಬೇಜಾರು' ಎಂಬ ಪದ. ಕನ್ನಡದಲ್ಲಿ ಬೇಸರಕ್ಕೂ ಬೇಜಾರು, ದುಃಖಕ್ಕೂ ಬೇಜಾರು, ಮುನಿಸಿಗೂ, ಅವಮಾನಕ್ಕೂ, ಸುಸ್ತಿಗೂ ಬೇಜಾರು. 'ಅತ್ತೆ ಹಾಗಂದಾಗ ಬೇಜಾರಾಯ್ತು' ಎಂದರೆ ಅದರೊಳಗೆ ಸಿಟ್ಟು ಇದೆಯೋ ಅಳು ಇದೆಯೋ ಕೇಳದೆ ತಿಳಿಯದು. ಆಸ್ಪತ್ರೆಯ ವಾರ್ಡಿನಲ್ಲಿ ಪಳಗಿದವರು ತಕ್ಷಣ ನಿದ್ದೆ, ಹಸಿವು, ಎಷ್ಟು ವಾರದಿಂದ ಎಂದು ಲಕ್ಷಣ ಹಿಡಿಯಲು ಹೊರಡುತ್ತಾರೆ. ಇಂಗ್ಲಿಷಿನಲ್ಲೇ ಓದಿ ಇಂಗ್ಲಿಷಿನಲ್ಲೇ ಯೋಚಿಸುವವರು 'ಸ್ಯಾಡ್' ಎಂದು ಬರೆದುಕೊಂಡು ಮುಂದೆ ಸಾಗುತ್ತಾರೆ. ಸಿಟ್ಟನ್ನು ಕಂಡರಾಗದವರು, ಅದರಲ್ಲೂ ಸಿಟ್ಟು ಮಾಡಬಾರದೆಂದೇ ಬೆಳೆದವರು, 'ಪರವಾಗಿಲ್ಲ ಬಿಡಿ, ಅವರಿಗೂ ವಯಸ್ಸಾಯ್ತು' ಎಂದು ಅತ್ತೆಯ ಪರ ವಕಾಲತ್ತಿಗೆ ಇಳಿಯುತ್ತಾರೆ. ನುರಿತವರು ಇಲ್ಲಿ ಎರಡು ಸಣ್ಣ ಪ್ರಶ್ನೆ ಕೇಳುತ್ತಾರೆ: 'ಬೇಜಾರು ಅಂದ್ರೆ ಹೇಗೆ? ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ?' ಎದೆ ಭಾರ, ಹೊಟ್ಟೆಯಲ್ಲಿ ಸಂಕಟ, ತಲೆ ಧಿಮ್ಮೆನ್ನುವುದು, ಕೈಕಾಲು ಸೋಲುವುದು ಹೊರಗೆ ಬರುವುದು ಆಮೇಲೆ. ಕನ್ನಡದಲ್ಲಿ ಸೆಷನ್ ಬೇಕೆನ್ನುವವರು 'ನೀವು ಕನ್ನಡ ಮಾತಾಡ್ತೀರಾ?' ಎಂದು ಕೇಳಿದರೆ ಉತ್ತರ ಯಾವಾಗಲೂ ಹೌದು. 'ಕನ್ನಡದಲ್ಲಿ ಎಷ್ಟು ಜನರಿಗೆ ಪೂರ್ತಿ ಸೆಷನ್ ಮಾಡಿದ್ದೀರಿ?' ಎಂದು ಕೇಳುವುದು ಮೇಲು.

ಇನ್ನು ನಮ್ಮೂರಿನ ಮಂತ್ರ: ಸ್ವಲ್ಪ ಅಡ್ಜಸ್ಟ್ ಮಾಡಿ. ಬಸ್ಸಿನ ಸೀಟಿಗೆ ಹೊಂದುವ ಈ ಮಾತು ಮದುವೆಯ ಕೌನ್ಸೆಲಿಂಗ್‌ನಲ್ಲಿ ಕೇಳಿಬಂದರೆ ಅಪಾಯ. ಮದುವೆ ಉಳಿಸುವುದೇ ತನ್ನ ಕೆಲಸ ಎಂದು ನಂಬಿದವರು ಎಲ್ಲ ಪ್ರಶ್ನೆಗಳನ್ನೂ ಆ ಕಡೆಗೇ ತಿರುಗಿಸುತ್ತಾರೆ. ಗಂಡ ಹೊಡೆಯುತ್ತಾನೆ ಎಂದವಳನ್ನು 'ಆ ಹೊತ್ತಿಗೆ ನೀವೇನು ಹೇಳಿದಿರಿ?' ಎಂದು ಕೇಳುವುದು ಹೀಗೆ. ಹೊಡೆತವಿರುವ ಮನೆಯಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸುವ ಮೊದಲು ಒಬ್ಬೊಬ್ಬರನ್ನೇ ಬೇರೆ ಬೇರೆ ಕಂಡು, ಮನೆಯಲ್ಲಿ ಜೀವಕ್ಕೆ ಭಯವಿದೆಯೇ ಎಂದು ವಿಚಾರಿಸಬೇಕು. ಒಟ್ಟಿಗೆ ಕೂತಾಗ ಆಕೆ ಬಾಯಿಬಿಟ್ಟ ಸತ್ಯಕ್ಕೆ ದಂಡ ಬೀಳುವುದು ಮನೆಗೆ ಹೋದ ಮೇಲೆ. ಎದುರು ಬದಿಯ ಪಕ್ಷಪಾತವೂ ಉಂಟು: ತನ್ನ ವಿಚ್ಛೇದನದಿಂದ ಬಿಡುಗಡೆ ಕಂಡ ಥೆರಪಿಸ್ಟರಿಗೆ ಎದುರಿಗಿರುವ ಎಲ್ಲ ಮದುವೆಗಳೂ ಬಿಡುವ ಹಂತದಲ್ಲಿರುವಂತೆ ಕಾಣುತ್ತವೆ. ಪಕ್ಷಪಾತ ಇಲ್ಲದ ಥೆರಪಿಸ್ಟರು ಸಿಗುವುದಿಲ್ಲ. ತನ್ನದು ಯಾವ ಕಡೆ ವಾಲುತ್ತದೆ ಎಂದು ತಿಳಿದಿರುವವರು ಸಿಗುತ್ತಾರೆ.

ಕೋಣೆಯೊಳಗೆ ಹೋಗುವ ಮೊದಲೇ ಒಂದು ಸುಳಿವು ಕೈಗೆ ಸಿಗುತ್ತದೆ, ರಿಸೆಪ್ಷನ್‌ನಲ್ಲಿ ತುಂಬಲು ಕೊಡುವ ಫಾರ್ಮು. ಗಂಡ/ಹೆಂಡತಿಯ ಹೆಸರು, ಮಕ್ಕಳೆಷ್ಟು ಎಂಬ ಖಾನೆ ಇದ್ದು 'ಯಾರೊಂದಿಗೆ ವಾಸ' ಎಂಬುದಿಲ್ಲದಿದ್ದರೆ, ಲಿಂಗಕ್ಕೆ ಎರಡೇ ಚೌಕ ಇದ್ದರೆ, ಜಾತಿ ಕೇಳಿದ್ದು ಯಾಕೆಂದು ಬರೆದಿಲ್ಲದಿದ್ದರೆ, ಆ ಕೋಣೆಯೊಳಗೆ ಏನನ್ನು ಸಹಜವೆಂದು ಎಣಿಸುತ್ತಾರೆ ಎಂಬುದು ಗೊತ್ತಾಯಿತು. ಸಲಿಂಗಪ್ರೇಮದ ವಿಷಯದಲ್ಲಿ ಈಗ ಮಾತು ಬರೀ ಧೋರಣೆಯದ್ದಾಗಿ ಉಳಿದಿಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ದಂಡ ಸಂಹಿತೆಯ 377ನೇ ಕಲಮಿನಲ್ಲಿ ವಯಸ್ಕರ ಒಪ್ಪಿಗೆಯ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾಗವನ್ನು ತೆಗೆದುಹಾಕಿತು. 2022ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಲೈಂಗಿಕ ಒಲವನ್ನು 'ಬದಲಾಯಿಸುವ ಚಿಕಿತ್ಸೆ'ಯನ್ನು ವೃತ್ತಿ ದುರ್ನಡತೆ ಎಂದು ಸಾರಿತು. ಆಯೋಗದ ಹಿಡಿತ ಇರುವುದು ವೈದ್ಯರ ಮೇಲೆ. ಕೌನ್ಸೆಲರ್ ಒಬ್ಬರು 'ಇದೊಂದು ಹಂತ, ಹೋಗುತ್ತೆ' ಎಂದರೆ ಅದು ಆಯೋಗದ ಕೈಗೆ ಸಿಗುವುದಿಲ್ಲ. ಆದ್ದರಿಂದ ಅವರ ನಿಲುವೇನೆಂದು ಮೊದಲ ಫೋನ್‌ನಲ್ಲೇ ಕೇಳಿಬಿಡುವುದು ಒಳ್ಳೆಯದು.

ಅನುಭವದ ಲೆಕ್ಕಕ್ಕೆ ಬರೋಣ. 'ಹದಿನೈದು ವರ್ಷ ಅನುಭವ' ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಸುತ್ತಾರೆ. 170 ಥೆರಪಿಸ್ಟರ 6,591 ರೋಗಿಗಳ ಫಲಿತಾಂಶವನ್ನು ವರ್ಷಗಟ್ಟಲೆ ನೋಡಿದ 2016ರ ಒಂದು ಅಮೆರಿಕನ್ ಅಧ್ಯಯನದಲ್ಲಿ ವರ್ಷ ಕಳೆದಂತೆ ಸರಾಸರಿ ಫಲಿತಾಂಶ ಏರುವ ಬದಲು ತುಸು ಇಳಿದಿತ್ತು. ಕೆಲವರು ಮೇಲೇರಿದರು, ಆದರೆ ಒಟ್ಟಾರೆ ಲೆಕ್ಕದಲ್ಲಿ ಬರೀ ವರ್ಷಗಳು ಮೇಲೇರಿಸಲಿಲ್ಲ. ಇನ್ನೊಂದು ಸಮೀಕ್ಷೆಯಲ್ಲಿ, 2012ರದು, 129 ಮಂದಿ ಮಾನಸಿಕ ಆರೋಗ್ಯ ವೃತ್ತಿಪರರು ತಮಗೆ ತಾವೇ ಅಂಕ ಕೊಟ್ಟುಕೊಂಡರು. ಕಾಲುಭಾಗ ಜನ ತಮ್ಮನ್ನು ಮೇಲಿನ ಶೇ. 10ರಲ್ಲಿ ಎಣಿಸಿಕೊಂಡರು, ಸರಾಸರಿಗಿಂತ ಕೆಳಗೆ ಎಂದುಕೊಂಡವರು ಒಬ್ಬರೂ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ. ದರ್ಜಿ ಹೊಲಿದ ಬಟ್ಟೆ ಸರಿಯಾಗದಿದ್ದರೆ ಗಿರಾಕಿ ತಂದು ತೋರಿಸುತ್ತಾನೆ. ಇಲ್ಲಿ ಸರಿಹೋಗದವರು ತಿರುಗಿ ಬರುವುದೇ ಇಲ್ಲ, ಬಂದವರು ಹೊಗಳುತ್ತಾರೆ. ಹದಿನೈದು ವರ್ಷ ಹೀಗೆ ಕಳೆದರೆ ಉಳಿಯುವುದು ಆತ್ಮವಿಶ್ವಾಸ ಒಂದೇ.

ಬೆಂಗಳೂರಿನಲ್ಲಿ ಒಂದು ವಿಶೇಷ ಬಗೆ ಇದೆ: ಐಟಿ ಕಂಪನಿಯಲ್ಲೋ ಎಚ್‌ಆರ್‌ನಲ್ಲೋ ಹತ್ತಾರು ವರ್ಷ ದುಡಿದು, ನಲವತ್ತರ ಆಸುಪಾಸಿನಲ್ಲಿ ಡಿಪ್ಲೊಮಾ ಅಥವಾ ಎಂ.ಎಸ್ಸಿ. ಮಾಡಿ ಕುರ್ಚಿಗೆ ಬಂದವರು. ಲೇಆಫ್, ಅಪ್ರೈಸಲ್, ರಾತ್ರಿ ಹತ್ತರ ಕಾಲ್ ಇವುಗಳನ್ನು ಬಿಡಿಸಿ ಹೇಳಬೇಕಿಲ್ಲ, ಅರ್ಧ ಮಾತಿಗೇ ಹಿಡಿಯುತ್ತಾರೆ. ಅದೇ ಅಭ್ಯಾಸದಿಂದ ಮೂರನೇ ಸೆಷನ್‌ಗೆ ಗುರಿ, ಗಡುವು, ಮುಂದಿನ ವಾರದೊಳಗೆ ಮುಗಿಸಬೇಕಾದ್ದು ಎಂದು ಪಟ್ಟಿ ತೆಗೆಯುತ್ತಾರೆ. ನಿದ್ದೆಗೆಟ್ಟವರಿಗೆ, ಕೆಲಸ ಮುಂದೂಡುವವರಿಗೆ ಇದು ಹೇಳಿಮಾಡಿಸಿದ ಕ್ರಮ. ತಂದೆ ತೀರಿಹೋಗಿ ಎರಡು ತಿಂಗಳಾದವರಿಗೆ ಅಲ್ಲ. ಇನ್ನು ಕುಡಿತ ಬಿಡಿಸುವ ಕೇಂದ್ರಗಳಲ್ಲಿ ಒಮ್ಮೆ ತಾವೇ ಕುಡಿದು, ಬಿಟ್ಟು ಬಂದ ಕೌನ್ಸೆಲರ್‌ಗಳು ಸಾಕಷ್ಟಿದ್ದಾರೆ. ಸುಳ್ಳನ್ನು ಅವರಷ್ಟು ಬೇಗ ಹಿಡಿಯುವವರು ಇಲ್ಲ, ನಾಚಿಕೆಯನ್ನು ಅವರಷ್ಟು ಬೇಗ ಇಳಿಸುವವರೂ ಇಲ್ಲ. ಎಡವುವುದು 'ನಾನು ಹೀಗೇ ಬಿಟ್ಟೆ, ನೀನೂ ಹೀಗೇ ಬಿಡು' ಎಂಬಲ್ಲಿ. ತಾನು ಮಾತ್ರೆಯಿಲ್ಲದೆ ಬಿಟ್ಟವರು ಎದುರಿನವರ ಮಾತ್ರೆಯನ್ನು ದೌರ್ಬಲ್ಯವೆಂದು ಕಾಣುತ್ತಾರೆ. ವರ್ಷಗಟ್ಟಲೆ ದಿನವೂ ಕುಡಿದವರು ಹಠಾತ್ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಬರಬಹುದು, ಪ್ರಾಣವೂ ಹೋಗಬಹುದು. ಅದು ವೈದ್ಯರ ನಿಗಾದಲ್ಲೇ ಆಗಬೇಕಾದ ಕೆಲಸ, ಛಲದ್ದಲ್ಲ.

ಥೆರಪಿಸ್ಟರು ತಮ್ಮ ಬದುಕಿನ ಮಾತು ತೆಗೆಯಲೇಬಾರದೆಂದು ಇಲ್ಲ. ಎರಡು ವಾಕ್ಯದಲ್ಲಿ ಹೇಳಿ ಮತ್ತೆ ನಿಮ್ಮ ಕಡೆ ತಿರುಗಿದರೆ ಅದು ನಿಮಗಾಗಿ ಹೇಳಿದ್ದು. ಐದು ನಿಮಿಷವಾಗಿ, ನೀವೇ 'ಅಯ್ಯೋ, ಪಾಪ' ಎನ್ನತೊಡಗಿದರೆ ಫೀಸು ತಲೆಕೆಳಗಾಗಿದೆ. ಎದುರಿನವರು ಥೆರಪಿಸ್ಟರೊಳಗೆ ಎಬ್ಬಿಸುವ ಭಾವನೆಗಳಿಗೆ ವೃತ್ತಿಯಲ್ಲೊಂದು ಹೆಸರಿದೆ, ಕೌಂಟರ್‌ಟ್ರಾನ್ಸ್‌ಫರೆನ್ಸ್. 1910ರಲ್ಲಿ ಫ್ರಾಯ್ಡ್ ಅದನ್ನು ಗುರುತಿಸಿ ಗೆಲ್ಲಬೇಕಾದ ಅಡ್ಡಿ ಎಂದರು. 1950ರಲ್ಲಿ ಮನೋವಿಶ್ಲೇಷಕಿ ಪೌಲಾ ಹೈಮನ್, ಅದು ಎದುರಿನವರನ್ನು ಅರಿಯುವ ಉಪಕರಣವೂ ಹೌದು ಎಂದರು. ಇಬ್ಬರೂ ಹೇಳಿದ್ದು ಸರಿ. ಅಡ್ಡಿಯೋ ಉಪಕರಣವೋ ಎಂಬುದನ್ನು ನಿರ್ಧರಿಸುವುದು ಸೂಪರ್‌ವಿಷನ್: ತನಗಿಂತ ನುರಿತವರೆದುರು ವಾರಕ್ಕೋ ಹದಿನೈದು ದಿನಕ್ಕೋ ಒಂದು ಗಂಟೆ ಕೂತು, ಹೆಸರು ಮರೆಮಾಡಿ, 'ಈ ಕೇಸಿನಲ್ಲಿ ನನಗೆ ಯಾಕೆ ಇಷ್ಟು ಸಿಟ್ಟು ಬರುತ್ತಿದೆ' ಎಂದು ಬಿಚ್ಚಿಡುವುದು. ಖಾಸಗಿ ಕೌನ್ಸೆಲರ್‌ಗೆ ಇದು ಕಾನೂನಿನ ಕಡ್ಡಾಯವೇನಲ್ಲ, ಖರ್ಚೂ ಅವರದೇ, ಹಾಗಾಗಿ ಮೊದಲು ಕತ್ತರಿ ಬೀಳುವುದು ಇದಕ್ಕೇ. ಕೇಳಬೇಕಾದ ಒಂದೇ ಒಂದು ಪ್ರಶ್ನೆ ಯಾವುದು ಎಂದರೆ ನಾವು ಇದನ್ನೇ ಹೇಳುತ್ತೇವೆ: 'ನಿಮಗೆ ಸೂಪರ್‌ವೈಸರ್ ಇದ್ದಾರಾ, ಕೊನೆಯ ಸಲ ಯಾವಾಗ ಕೂತಿದ್ದಿರಿ?' ಸಲೀಸಾಗಿ ಉತ್ತರ ಬಂದರೆ ಒಳ್ಳೆಯ ಲಕ್ಷಣ. 'ನನಗೆ ಅದರ ಅಗತ್ಯ ಇಲ್ಲ' ಎಂದು ಬಂದರೂ ಉತ್ತರ ಸಿಕ್ಕಂತೆಯೇ.

ಸಾವಿನ ಮಾತು ಬಂದಾಗ ಎಲ್ಲವೂ ಬಯಲಾಗುತ್ತದೆ. ಹೆದರಿದ ಥೆರಪಿಸ್ಟರು ಕೇಳುವ ಪ್ರಶ್ನೆಯ ಬಾಲ ಗಮನಿಸಿ: 'ಅಂಥ ಯೋಚನೆ ಏನೂ ಇಲ್ಲ ತಾನೆ?' ಈ 'ತಾನೆ'ಗೆ 'ಇಲ್ಲ' ಎನ್ನುವುದೊಂದೇ ದಾರಿ. ಸರಿಯಾದ ಪ್ರಶ್ನೆಗೆ ಬಾಲವಿಲ್ಲ: 'ಸತ್ತುಹೋಗಬೇಕು ಅನ್ನಿಸಿದ್ದುಂಟಾ?' ನೇರವಾಗಿ ಕೇಳುವುದರಿಂದ ಇಲ್ಲದ ಯೋಚನೆ ತಲೆಗೆ ಹೊಕ್ಕುವುದಿಲ್ಲ. ಕೇಳಿದ್ದರಿಂದ ಹಗುರಾಗುವವರೂ ಇದ್ದಾರೆ. ಉತ್ತರ ಹೌದಾದರೆ, ಹೇಗೆಂದು ಯೋಚಿಸಿದ್ದೀರಾ, ಅದು ಕೈಗೆಟುಕುವಲ್ಲಿದೆಯೇ, ಇಷ್ಟು ದಿನ ತಡೆದದ್ದು ಏನು, ರಾತ್ರಿ ಯಾರಿಗೆ ಫೋನ್ ಮಾಡಬಹುದು ಎಂದು ಕೇಳಿ, ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡುತ್ತಾರೆ. ಆ ಹಾಳೆಯಲ್ಲಿ 14416 ಇರಬೇಕು: 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್, ಹಗಲು-ರಾತ್ರಿ, ಉಚಿತ, ಕನ್ನಡದಲ್ಲೂ. ಗಾಬರಿಯಿಂದ ಅಪ್ಪ-ಅಮ್ಮನಿಗೆ ಮೊದಲು ಫೋನ್ ಮಾಡಿ ಆಮೇಲೆ ನಿಮಗೆ ಹೇಳುವವರು ನಂಬಿಕೆ ಕೆಡಿಸುತ್ತಾರೆ. ಗುಟ್ಟು ಕಾಯುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 23ನೇ ಕಲಮು ಕೊಟ್ಟ ಹಕ್ಕು, ಜೀವಕ್ಕೆ ಅಪಾಯ ಇದ್ದಾಗ ಅದಕ್ಕೆ ವಿನಾಯಿತಿ ಇದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಿಳಿದರೆ ಪೋಕ್ಸೊದ 19ನೇ ಕಲಮಿನಂತೆ ವರದಿ ಮಾಡಲೇಬೇಕು. ಈ ಗೆರೆಗಳನ್ನು ಮೊದಲ ಸೆಷನ್‌ನ ಮೊದಲ ಐದು ನಿಮಿಷದಲ್ಲಿ ಹೇಳಬೇಕು, ಮಾತು ಹೊರಬಿದ್ದ ಮೇಲಲ್ಲ.

ಉದ್ಧಾರ ಮಾಡಲು ಹೊರಟವರ ಕತೆ ಬೇರೆ. ಸೆಷನ್ ಎಂಬತ್ತು ನಿಮಿಷಕ್ಕೆ ಹೋಗುತ್ತದೆ, ರಾತ್ರಿ ಹನ್ನೊಂದಕ್ಕೂ ವಾಟ್ಸ್ಆ್ಯಪ್‌ಗೆ ಉತ್ತರ ಬರುತ್ತದೆ, ಫೀಸು ಅರ್ಧವಾಗುತ್ತದೆ. ಮೊದಲ ಎರಡು ತಿಂಗಳು ದೇವರು ಸಿಕ್ಕಂತೆ. ಆಮೇಲೆ ಉತ್ತರ ತಡವಾಗುತ್ತದೆ, ದನಿ ಬಿಗಿಯಾಗುತ್ತದೆ, ಒಂದು ದಿನ 'ನಿಮಗಾಗಿ ನಾನು ಇಷ್ಟೆಲ್ಲ ಮಾಡಿದೆ' ಎಂಬ ಮಾತು ಬರುತ್ತದೆ. ಕೊಟ್ಟದ್ದಕ್ಕೆ ಲೆಕ್ಕ ಇಟ್ಟುಕೊಂಡ ಮನೆಯ ಹಿರಿಯರದ್ದೇ ದನಿ. ಹಾಗಾಗಿ ಗಡಿಯಾರವನ್ನು ನೀವು ಕಾಣುವಂತೆ ಇಟ್ಟುಕೊಂಡು, ಐವತ್ತಕ್ಕೆ ನಿಲ್ಲಿಸುವವರನ್ನು ಕಲ್ಲುಮನಸ್ಸಿನವರು ಎನ್ನಬೇಡಿ. ನಮ್ಮ ಟ್ರಾಫಿಕ್‌ನಲ್ಲಿ ಹದಿನೈದು ನಿಮಿಷ ತಡವಾದರೆ ಏನು ಮಾಡುತ್ತಾರೆ ಎಂಬುದನ್ನೂ ನೋಡಿ. ಉಳಿದ ಮೂವತ್ತೈದು ನಿಮಿಷ ಪೂರ್ತಿ ಕೊಟ್ಟು, ಹೊತ್ತಿಗೆ ಮುಗಿಸಿ, ಪೂರ್ತಿ ಫೀಸು ತಗೊಂಡರೆ ನ್ಯಾಯ. ಸಿಲ್ಕ್ ಬೋರ್ಡ್ ದಾಟಿ ಬರುವವರ ತಡವನ್ನು 'ನಿಮಗೆ ಬದಲಾಗುವ ಮನಸ್ಸಿಲ್ಲ' ಎಂದು ವ್ಯಾಖ್ಯಾನ ಮಾಡಿದರೆ ಪುಸ್ತಕ ಜಾಸ್ತಿಯಾಗಿದೆ, ಊರು ಕಡಿಮೆಯಾಗಿದೆ.

ಈಗ ಪೊಟ್ಟಣ. ಮಾತ್ರೆ ಬರೆಯುವವರು ಮನೋವೈದ್ಯರು, ಎಂ.ಬಿ.ಬಿ.ಎಸ್. ಮೇಲೆ ಎಂ.ಡಿ.ಯಂಥ ಸ್ನಾತಕೋತ್ತರ ಓದು ಮುಗಿಸಿದವರು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡ್ ಹಾಕುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಓದು, ಈವರೆಗೆ ಬಹುತೇಕ ಎರಡು ವರ್ಷದ ಎಂ.ಫಿಲ್., ಮತ್ತು ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಸಂಖ್ಯೆಯನ್ನು ಪರಿಷತ್ತಿನ ವೆಬ್‌ಸೈಟಿನಲ್ಲಿ ಹಾಕಿ ನೋಡಬಹುದು. ಕೌನ್ಸೆಲರ್, ಥೆರಪಿಸ್ಟ್, ಲೈಫ್ ಕೋಚ್ ಎಂಬ ಹೆಸರುಗಳಿಗೆ ಅಂಥ ಬಿಗಿ ಕಾವಲು ಇಲ್ಲ. ವಾರಾಂತ್ಯದ ಸರ್ಟಿಫಿಕೇಟಿನವರೂ ಅದೇ ಬೋರ್ಡ್ ಹಾಕಬಹುದು, ಆರು ವರ್ಷ ಶ್ರದ್ಧೆಯಿಂದ ಕಲಿತವರೂ ಹಾಕಬಹುದು.

ನಿಮ್ಹಾನ್ಸ್‌ನಲ್ಲಿ ಮೊದಲ ದಿನ ಪೂರ್ತಿ ಸರದಿಗೇ ಮೀಸಲಿಡಿ. ಥೆರಪಿ ಮಾಡುವವರು ಹೆಚ್ಚಾಗಿ ತರಬೇತಿಯಲ್ಲಿರುವವರು. ಕೇಳಿದೊಡನೆ ಮುಖ ಸಣ್ಣ ಮಾಡಬೇಡಿ, ಅವರ ಕೇಸನ್ನು ಹಿರಿಯ ಅಧ್ಯಾಪಕರು ನೋಡುತ್ತಿರುತ್ತಾರೆ, ಖಾಸಗಿಯಲ್ಲಿ ದುಡ್ಡು ಕೊಟ್ಟರೂ ಇದು ಸಿಗುವ ಖಾತರಿ ಇಲ್ಲ. ಪೋಸ್ಟಿಂಗ್ ಮುಗಿದಾಗ ಥೆರಪಿಸ್ಟರು ಬದಲಾಗಬಹುದು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ದೊಡ್ಡ ಕಾಯಿಲೆಯಲ್ಲದ ದಿನನಿತ್ಯದ ಒತ್ತಡಕ್ಕೆ ಅವರದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಬಿಟಿಎಂ ಲೇಔಟಿನಲ್ಲಿದೆ. ಕಂಪನಿ ಕೊಡುವ ಸೇವೆ ಸಾಮಾನ್ಯವಾಗಿ ಮೂರರಿಂದ ಆರು ಸೆಷನ್. ಬಿಕ್ಕಟ್ಟು ದಾಟಲು ಸಾಕು, ಬಾಲ್ಯ ಬಿಚ್ಚಲು ಸಾಲದು, ಅಲ್ಲಿ ಬಿಚ್ಚಿಸಲು ಹೊರಡುವ ಥೆರಪಿಸ್ಟರೇ ಲೆಕ್ಕ ತಪ್ಪಿದ್ದಾರೆ. ಆ್ಯಪ್‌ಗಳ ದೊಡ್ಡ ಲಾಭ ರಾತ್ರಿ ಒಂಬತ್ತರ ಸ್ಲಾಟ್. ದೊಡ್ಡ ತೊಡಕು ಗೋಡೆ. ಪಿಜಿಯಲ್ಲಿ ರೂಮ್‌ಮೇಟ್ ಪಕ್ಕದ ಮಂಚದಲ್ಲಿದ್ದರೆ ಬೇಸ್‌ಮೆಂಟಿನ ಕಾರಿನಲ್ಲಿ ಕೂರುವವರೇ ಹೆಚ್ಚು, ಅಲ್ಲಿ ನೆಟ್‌ವರ್ಕ್ ಇರುವುದಿಲ್ಲ. 'ನೀವು ಈಗ ಎಲ್ಲಿದ್ದೀರಿ, ಪಕ್ಕದಲ್ಲಿ ಯಾರಿದ್ದಾರೆ, ಕಾಲ್ ಕಟ್ಟಾದರೆ ಯಾವ ನಂಬರಿಗೆ ಮಾಡಲಿ?' ಎಂದು ಶುರುವಿಗೇ ಕೇಳುವವರು ಕೆಲಸ ಬಲ್ಲವರು.

ಮೊದಲ ಮೂರು ಸೆಷನ್‌ಗೆ ಒಂದು ಸರಳ ಅಳತೆಗೋಲಿದೆ. ಹತ್ತು ಸೆಂಟಿಮೀಟರಿನ ನಾಲ್ಕು ಗೆರೆ ಎಳೆಯಿರಿ: ನನ್ನ ಮಾತು ಕೇಳಿಸಿಕೊಂಡರೇ, ನನಗೆ ಬೇಕಾದ ವಿಷಯವೇ ಬಂತೇ, ಅವರ ಕ್ರಮ ನನಗೆ ಹೊಂದುತ್ತದೆಯೇ, ಒಟ್ಟಾರೆ ಇವತ್ತು ಹೇಗಿತ್ತು. ಎಡತುದಿ ಸೊನ್ನೆ, ಬಲತುದಿ ಹತ್ತು, ಒಟ್ಟು 40. ಇದು ಸೆಷನ್ ರೇಟಿಂಗ್ ಸ್ಕೇಲ್ ಎಂಬ ಮಾಪನದ ರೂಪವೇ. 36ಕ್ಕಿಂತ ಕೆಳಗೆ ಬಂದರೆ ಆ ಬಗ್ಗೆ ಮಾತಾಡಬೇಕೆಂದು ಅದರ ನಿಯಮ. 36 ತುಂಬಾ ಮೇಲೆ ಇದೆಯಲ್ಲ ಎನಿಸಬಹುದು. ಮುಖ ನೋಡಿ ಅಂಕ ಕೊಡುವಾಗ ಎಲ್ಲರೂ ಧಾರಾಳಿಗಳೇ, ಅದಕ್ಕೇ ಅಷ್ಟು ಮೇಲೆ. ಹಾಳೆಯನ್ನು ಥೆರಪಿಸ್ಟರ ಕೈಗೇ ಕೊಟ್ಟು 'ಎರಡನೇ ಗೆರೆ ಕಡಿಮೆ ಬಂದಿದೆ' ಎನ್ನಿ. ಆ ಹತ್ತು ಸೆಕೆಂಡು ಅವರ ಮುಖ ನೋಡಿ: ಕುತೂಹಲದಿಂದ ಮುಂದೆ ಬಾಗುತ್ತಾರೋ, ಸಮಜಾಯಿಷಿಗೆ ಹೊರಡುತ್ತಾರೋ, ನಿಮ್ಮ 'ಪ್ರತಿರೋಧ'ದ ಬಗ್ಗೆ ಪಾಠ ಶುರುಮಾಡುತ್ತಾರೋ.

ಪ್ಯಾಕೇಜ್ ವಿಷಯ. ಹತ್ತು ಸೆಷನ್‌ಗೆ ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಎನ್ನುವಲ್ಲಿ, ಮಧ್ಯೆ ಬಿಟ್ಟರೆ ಉಳಿದ ದುಡ್ಡು ವಾಪಸ್ಸೇ ಎಂದು ಮೆಸೇಜಿನಲ್ಲೇ ಬರೆಸಿಕೊಳ್ಳಿ. ಮೂರರ ಮೇಲೆ ಮುಂಗಡ ಕೊಡದಿರುವುದೇ ಕ್ಷೇಮ. ರದ್ದು ಮಾಡಲು 24 ಗಂಟೆ ಮೊದಲು ಹೇಳಬೇಕೆಂಬುದು ಬಹಳಷ್ಟು ಕಡೆಯ ರೂಢಿ. ಬಿಡುವುದಾದರೆ ಕಾಣೆಯಾಗುವ ಬದಲು ಒಂದು ಕೊನೆಯ ಸೆಷನ್‌ಗೆ ಹೋಗಿ, 'ನನಗೆ ಇಲ್ಲಿ ಹೊಂದುತ್ತಿಲ್ಲ, ಬೇರೆ ಯಾರನ್ನಾದರೂ ಸೂಚಿಸಿ' ಎಂದು ಕೇಳಬಹುದು. ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 25ನೇ ಕಲಮಿನಂತೆ ನಿಮ್ಮ ಪ್ರಾಥಮಿಕ ವೈದ್ಯಕೀಯ ದಾಖಲೆಯನ್ನು ಕೇಳಿ ಪಡೆಯುವ ಹಕ್ಕೂ ಇದೆ. ಎರಡು ಹೆಸರು, ಒಂದು ಪುಟದ ಸಾರಾಂಶ ಕೊಟ್ಟು, ಬಾಗಿಲವರೆಗೆ ಬಂದು ಬೀಳ್ಕೊಡುವವರಿದ್ದಾರೆ. ನಾಲ್ಕು ತಿಂಗಳ ನಂತರ ಬೇರೊಂದು ಸಮಸ್ಯೆಗೆ ಜನ ಮರಳಿ ಹುಡುಕಿಕೊಂಡು ಬರುವುದು ಅವರ ಬಳಿಗೇ.